ಸಮಾಧಾನಮ್ಮನ ಕೈಯ ಬೆಂಕಿಪೆಟ್ಟಿಗೆ

ಹೆಸರಿಗೂ ಮನುಷ್ಯರಿಗೂ ಸಂಬಂಧ ಇರಲೇಬೇಕೆಂದು ಎಲ್ಲಿಯೂ ಬರೆದಿಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ಸಂತೋಷ ಎಂಬ ಹೆಸರಿನವರೊಬ್ಬರಿದ್ದಾರೆ. ಅವರು ನಕ್ಕಿದ್ದನ್ನು ಅವರ ಮದುವೆಯ ಫೋಟೋದಲ್ಲೂ ಯಾರೂ ಕಂಡಿಲ್ಲ. ಹೀಗಿರುವಾಗ ನಮ್ಮ ಚರ್ಚಿನ ಆವರಣದ ಮೂಲೆಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇರುವ, ಗಂಟೆ ಬಾರಿಸುವ, ಕಸ ಹೊಡೆಯುವ, ಜಮಖಾನೆ ಹಾಸುವ ಸಮಾಧಾನಮ್ಮನಲ್ಲಿ ಸಮಾಧಾನವನ್ನು ಹುಡುಕುವ ತಪ್ಪನ್ನು ನಾವು ಯಾರೂ ಮಾಡಿರಲಿಲ್ಲ. ಆ ತಪ್ಪು ಮಾಡಿದ್ದು ನಮ್ಮ ಚರ್ಚ್ ಕಮಿಟಿ. ಅದೂ ಸರಿಯಾಗಿ ಡಿಸೆಂಬರಿನಲ್ಲಿ.

ಆಕೆಯ ತಾಯಿಯ ಊರು ಯಾಪಲದಿನ್ನಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ ಹೊಸ್ತಿಲ ತನಕ, ಒಲೆಯ ಮುಂದೆ ತೆಲುಗು. ಮದುವೆಯಾಗಿ ದೇವದುರ್ಗಕ್ಕೆ ಬಂದ ಆ ತಾಯಿ, ತವರಿನ ಚರ್ಚ್ ಸಭೆಯಲ್ಲಿ ಕೇಳಿ ಮೆಚ್ಚಿದ್ದ ಹೆಸರನ್ನು ಹಿರಿಮಗಳಿಗೆ ಇಟ್ಟಳು. ದೇವದುರ್ಗದ ಶಾಲೆಗೆ ಆ ಹೆಸರು ಒಗ್ಗಲಿಲ್ಲ. ಮಕ್ಕಳು ಗದ್ದಲ ಮಾಡಿದಾಗಲೆಲ್ಲ ಮಾಸ್ತರರು ಮೇಜು ಬಡಿದು "ಸಮಾಧಾನ! ಸಮಾಧಾನ!" ಎನ್ನುತ್ತಿದ್ದರು. ಮೂರನೆಯ ಸಾಲಿನಿಂದ ಎರಡು ಜಡೆಯ ಹುಡುಗಿ ಎದ್ದು ನಿಂತು "ಹಾಜರ್ ಸರ್" ಎನ್ನುತ್ತಿದ್ದಳು. ಗದ್ದಲ ಇಮ್ಮಡಿಯಾಗುತ್ತಿತ್ತು. ಒಂದು ವರ್ಷ ಹೀಗೆ ನಡೆದ ಮೇಲೆ ಮಾಸ್ತರರೇ ಸೋತು "ಗಪ್ ಕೂಡ್ರಿ" ಎನ್ನುವುದಕ್ಕೆ ಬದಲಾದರು. ಬರೀ ಎದ್ದು ನಿಂತರೆ ಸಾಕು, ದೊಡ್ಡವರು ತಮ್ಮ ಮಾತು ಬದಲಾಯಿಸುತ್ತಾರೆ ಎಂಬುದನ್ನು ಆಕೆ ಕಲಿತದ್ದು ಅಲ್ಲಿ. ಮಗ್ಗಿ ಕಲಿತದ್ದು ಎಷ್ಟೋ ಗೊತ್ತಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ತಪ್ಪು ಮಾಡಿ ಬಾಯಿ ಬಿಗಿದು ನಿಂತ ಮಗಳಿಗೆ ತಾಯಿ, "ಸಮಾಧಾನಂ ಚೆಪ್ಪವೇ!" ಎಂದು ಗದರುತ್ತಿದ್ದಳು. ಅದು ತನ್ನನ್ನು ಕರೆಯುವುದೋ ಬೈಯುವುದೋ ಎಂದು ಹುಡುಗಿಗೆ ಬಹಳ ವರ್ಷ ತಿಳಿಯಲಿಲ್ಲ. ತಿಳಿದ ಮೇಲೆ ಮರೆಯಲಿಲ್ಲ. ಅದರ ಅರ್ಥವನ್ನು ಆಕೆಯೇ ಮುಂದೆ, ಎಲ್ಲರೆದುರು, ಹೇಳಿದ್ದರಿಂದ ನಾನಿಲ್ಲಿ ಬಾಯಿ ಹಾಕುವುದಿಲ್ಲ.

ಮಾನ್ವಿಯ ಒಬ್ಬ ಗೌಂಡಿಗೆ ಆಕೆಯನ್ನು ಕೊಟ್ಟರು. ಗೋಡೆ ಕಟ್ಟುವುದರಲ್ಲಿ ಅವನದು ಒಳ್ಳೆಯ ಕೈ. ಆಯುಷ್ಯ ಮಾತ್ರ ಕಡಿಮೆ. ಅವನು ಹೋದ ಮೇಲೆ ಆಕೆ ಮಾನ್ವಿಯಲ್ಲಿ ಒಂದು ಹಾಸ್ಟೆಲಿನ ಅಡುಗೆಗೆ ಸೇರಿದಳು. ಅಲ್ಲಿ ಮಕ್ಕಳಿಗೆ ಬಡಿಸುವ ಬೇಳೆಯಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ವಾರ್ಡನ್ನರಿಗೆ ಬೇರೆ ಪಾತ್ರೆ. "ಮಕ್ಕಳು ಗಪ್ಪಾಗಿ ಉಣ್ಣಾಕತ್ತಾವು, ನೀ ಯಾಕ ಒದರತಿ?" ಎಂದು ವಾರ್ಡನ್ ಕೇಳಿದಾಗ ಸಮಾಧಾನಮ್ಮ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಮಕ್ಕಳ ಪಾತ್ರೆಯದನ್ನೇ ವಾರ್ಡನ್ನರ ತಟ್ಟೆಗೆ ಬಡಿಸಿದಳು. ಅವರು ತಟ್ಟೆಯಲ್ಲಿ ತಮ್ಮ ಮುಖವನ್ನೂ, ಮುಖದ ಹಿಂದೆ ತಿರುಗುವ ಫ್ಯಾನನ್ನೂ ಸ್ಪಷ್ಟವಾಗಿ ಕಂಡರು. ಬೇಳೆ ಗಟ್ಟಿಯಾಯಿತು. ತಿಂಗಳೊಳಗೆ ಆಕೆಯನ್ನು ತೆಗೆದರು.

"ಕೆಲಸ ಹೋತು, ಬ್ಯಾಳಿ ಉಳೀತು" ಎಂದು ಆಕೆ ಇವತ್ತಿಗೂ ಹೇಳುವುದುಂಟು. ದುಃಖ ಇಲ್ಲದೆ, ಒಂದು ಒಳ್ಳೆಯ ವ್ಯಾಪಾರ ಮಾಡಿದವರ ಹಾಗೆ.

ಹೀಗೆ ರಾಯಚೂರಿಗೆ ಬಂದವಳಿಗೆ ಚರ್ಚಿನವರು ಕೊಟ್ಟ ಕೋಣೆಯ ಪಕ್ಕದಲ್ಲೇ ಬೋರಿಂಗು. ಬೋರಿಂಗು ಎಂದರೆ ಕೈಪಂಪು. ಯಾರ ಕಾಲದಲ್ಲಿ ಹಾಕಿದ್ದೋ, ಬೇಸಿಗೆಯಲ್ಲೂ ಬತ್ತಿಲ್ಲ. ಅದರ ಎದುರಿಗೆ ಓಣಿಗೆ ತೆರೆಯುವ ಒಂದು ಸಣ್ಣ ಗೇಟು. ನಳದ ನೀರು ಬಂದಾಗ ಬಂತು, ಇಲ್ಲದಿದ್ದಾಗ ಇಲ್ಲ. ಆದ್ದರಿಂದ ಇಡೀ ಓಣಿಯ ಕೊಡಗಳು ಆ ಗೇಟಿನಿಂದಲೇ ಒಳಬಂದು ಹೊರಹೋಗುತ್ತಿದ್ದವು. ಎಲ್ಲರಿಗಿಂತ ಮೊದಲು ಬರುವುದು ಎದುರುಮನೆಯ ಉಮ್ಮೇ ಕುಲ್ಸುಮ್. ಮೂರು ದೀಪದ ಹೆಸರು ಹೊತ್ತ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಬಳೆ ಅಂಗಡಿ ಅವಳದು. ಒಬ್ಬಳು ಪಂಪು ಒತ್ತುವುದು, ಇನ್ನೊಬ್ಬಳು ಕೊಡ ಹಿಡಿಯುವುದು, ಇಬ್ಬರೂ ಸೇರಿ ಓಣಿಯ ಸೊಸೆಯಂದಿರ ವಿಚಾರಣೆ ನಡೆಸುವುದು. ಇಪ್ಪತ್ತೆರಡು ವರ್ಷಗಳಲ್ಲಿ ಈ ಕೋರ್ಟಿಗೆ ರಜೆ ಇರಲಿಲ್ಲ. ಈಚೆಗೆ ಕುಲ್ಸುಮಳ ಮೊಣಕಾಲು ಕೈಕೊಟ್ಟಿದ್ದರಿಂದ ಒತ್ತುವುದೂ ಹಿಡಿಯುವುದೂ ಎರಡೂ ಸಮಾಧಾನಮ್ಮನ ಪಾಲಿಗೆ. ವಿಚಾರಣೆ ಪೂರ್ತಿ ಕುಲ್ಸುಮಳ ಪಾಲಿಗೆ.

ಈ ವರ್ಷ ಪ್ರಭುರಾಜ ಅವರು ನಮ್ಮ ಕಮಿಟಿಯ ಸೆಕ್ರೆಟರಿ ಆದರು. ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಕೆಟ್ಟವರಲ್ಲ. ಆದರೆ ಬೋರ್ಡು ಇಲ್ಲದ ಗೋಡೆ ಅವರ ಕಣ್ಣಿಗೆ ಬಟ್ಟೆ ಇಲ್ಲದ ಮನುಷ್ಯನಂತೆ ಕಾಣುತ್ತದೆ. ಬಂದ ಎರಡೇ ತಿಂಗಳಲ್ಲಿ "ಚಪ್ಪಲಿ ಹೊರಗೆ ಬಿಡಿ", "ಉಗುಳಬಾರದು", "ಗೋಡೆಗೆ ಒರಗಬಾರದು" ಎಂಬ ಬೋರ್ಡುಗಳು ಎದ್ದವು. ಕೊನೆಯದನ್ನು ಗೋಡೆಗೇ ಒರಗಿಸಿದ್ದರು. ನವೆಂಬರಿನ ಕಡೆಯ ಸಭೆಯಲ್ಲಿ ಅವರು ಬೋರಿಂಗಿನ ವಿಷಯ ಎತ್ತಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಅದು ಕಿರ್ರೆನ್ನುತ್ತದೆ, ಕೊಡಗಳು ಕಲ್ಲಿಗೆ ಬಡಿಯುತ್ತವೆ, ಹೊರಗಿನವರು ಬಂದುಹೋಗುವುದು ಶಿಸ್ತಲ್ಲ. ಗೇಟಿಗೆ ಕೀಲಿ ಹಾಕೋಣ ಎಂದರು. ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದೆವು. ನಾನೂ ಎತ್ತಿದೆ. ಚಹಾ ಆರುತ್ತಿತ್ತು.

ಮುಂದಿನ ಶನಿವಾರ ಗೇಟಿಗೆ ಕೀಲಿ ಬಿತ್ತು. ಮೇಲೆ ಹೊಸ ಬೋರ್ಡು, ಒಳ್ಳೆಯ ಸಾಗವಾನಿ ಹಲಗೆ, ನೀಲಿ ಅಕ್ಷರ: "ಶಾಂತಿ ಕಾಪಾಡಿರಿ."

ಮರುದಿನವೇ ಆಗಮನ ಕಾಲದ ಮೊದಲ ಭಾನುವಾರ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ನಾವು ವಾರಕ್ಕೊಂದರಂತೆ ನಾಲ್ಕು ಮೇಣಬತ್ತಿ ಹಚ್ಚುತ್ತೇವೆ, ಬರುವವನಿಗಾಗಿ ಕಾಯುತ್ತಾ. ಮೊದಲನೆಯದು ನಿರೀಕ್ಷೆ, ಎರಡನೆಯದು ಸಮಾಧಾನ, ಆಮೇಲೆ ಸಂತೋಷ, ಪ್ರೀತಿ. ಮೊದಲನೆಯದನ್ನು ಪ್ರಭುರಾಜರೇ ಹಚ್ಚಿದರು. ಹೊಸ ಸೆಕ್ರೆಟರಿಯಿಂದ ನಾವು ನಿರೀಕ್ಷಿಸಿದ್ದೂ ಅಷ್ಟೇ.

ಸೋಮವಾರ ಬೆಳಿಗ್ಗೆ ಉಮ್ಮೇ ಕುಲ್ಸುಮ್ ಕೊಡ ಹಿಡಿದು ಬಂದು ಗೇಟಿನ ಸರಳು ಹಿಡಿದು ನಿಂತಳು.

"ಯಕ್ಕಾ, ಇದೇನು? ಹಲಗಿ ಮ್ಯಾಲ ಏನ್ ಬರ್ದಾರ?"

"ಶಾಂತಿ ಕಾಪಾಡ್ರಿ ಅಂತ."

"ಅಮನ್?" ಕುಲ್ಸುಮ್ ಕೀಲಿಯನ್ನು ಎತ್ತಿ ನೋಡಿ ಬಿಟ್ಟಳು. "ಅರೇ, ಅಮನ್ ಅಂದ್ರ ಇಷ್ಟು ದಪ್ಪ ಇರ್ತದಂತ ನನಗ ಗೊತ್ತಿರ್ಲಿಲ್ಲ ನೋಡು."

"ನಗಬ್ಯಾಡ ಬೇ. ಕೊಡಾ ಕೊಡು ಇಲ್ಲಿ."

"ಹೆಂಗ ಕೊಡ್ಲಿ? ನಾ ಏನ್ ಗೇಟ್ ಹಾರ್ಲಾ? ಈ ಮೊಣಕಾಲಾಗ?"

"ಮ್ಯಾಲಿಂದ ಕೊಡು. ನಾ ಅದೀನಿ."

ಅವತ್ತಿನಿಂದ ಐವತ್ತೆಂಟು ವರ್ಷದ ಆ ಹೆಂಗಸು ಓಣಿಯ ಕೊಡಗಳನ್ನು ಒಂದೊಂದಾಗಿ ಗೇಟಿನ ಮೇಲಿಂದ ಖಾಲಿ ಇಸಿದುಕೊಂಡು, ತುಂಬಿ, ಮತ್ತೆ ಎತ್ತಿ ಆಚೆ ಕೊಟ್ಟಳು. ಮೂರು ದಿನ. ನಾಲ್ಕನೆಯ ದಿನ ಆಕೆಯ ಬಲಭುಜ ಮೇಲೇಳಲಿಲ್ಲ. ಎಡಗೈಯಲ್ಲಿ ಕೊಟ್ಟಳು. ಅಂದೇ ಪ್ರಭುರಾಜರು ನೋಡಿದರು.

"ಸಮಾಧಾನಮ್ಮ, ಇದು ಕಮಿಟಿ ತೀರ್ಮಾನ."

"ಹೌದ್ರಿ ಸಾಹೇಬ್ರ. ಕೀಲಿ ಮುಟ್ಟಿಲ್ರಿ ನಾ. ಮ್ಯಾಲಿಂದ ಕೊಡಾಕತ್ತೀನಿ."

"ಅದೂ ತಪ್ಪೇ. ನಿನಗ ಈ ಕೋಣಿ ಕೊಟ್ಟಿದ್ದು ಕಮಿಟಿ. ಹಿಂಗ ಮಾಡಿದ್ರ ತಿಂಗಳಾಖೇರಿಗೆ ಖಾಲಿ ಮಾಡ್ಬೇಕಾಗ್ತದ. ನೋಟಿಸು ಬರದು ಫೈಲಿನ್ಯಾಗ ಇಟ್ಟೀನಿ."

"ಓಣಿ ಮಂದಿ ನೀರಿಗೆ ದೊಡ್ಡ ರಸ್ತೆ ದಾಟಿ ಹೋಗ್ಬೇಕ್ರಿ. ಕುಲ್ಸುಮ್‌ಗ ಕಾಲಿಲ್ಲ."

"ನೀ ಸ್ವಲ್ಪ ಸಮಾಧಾನ ಮಾಡ್ಕೋ. ಎಲ್ಲಾದಕ್ಕೂ ಜಗಳ ಛಲೋ ಅಲ್ಲ."

ಆಕೆ ಏನೂ ಹೇಳಲಿಲ್ಲ. ಮಾನ್ವಿಯಲ್ಲೂ ಹೇಳಿರಲಿಲ್ಲ. ಪ್ರಭುರಾಜರಿಗೆ ಮಾನ್ವಿಯ ಕಥೆ ಗೊತ್ತಿರಲಿಲ್ಲ.

ಶುಕ್ರವಾರ ಕಮಿಟಿ ಸೇರಿತು. ಜಗಳ ದೊಡ್ಡದಾಗುವ ಮೊದಲೇ ಅದನ್ನು ಮುಚ್ಚಬೇಕೆಂದು ಪ್ರಭುರಾಜರಿಗೊಂದು ಉಪಾಯ ಹೊಳೆದಿತ್ತು. ಈ ಭಾನುವಾರ ಸಮಾಧಾನದ ಮೇಣಬತ್ತಿ. ಅದನ್ನು ಸಮಾಧಾನಮ್ಮನೇ ಹಚ್ಚಲಿ! ಹೆಸರಿಗೆ ಹೆಸರು, ಪೇಪರಿಗೊಂದು ಫೋಟೋ, ಮೇಲೆ ಮರ್ಯಾದೆ ಸಿಕ್ಕ ಮನುಷ್ಯ ಆಮೇಲೆ ತಕರಾರು ತೆಗೆಯುವುದಿಲ್ಲ. ನಾವು ಮೆಚ್ಚಿ ತಲೆಯಾಡಿಸಿದೆವು. ಇಪ್ಪತ್ತೆರಡು ವರ್ಷ ಆ ಮೇಣಬತ್ತಿಗಳನ್ನು ನಿಲ್ಲಿಸಿದವಳು, ನೆಲಕ್ಕಂಟಿದ ಮೇಣವನ್ನು ಕೆರೆದು ತೆಗೆದವಳು ಆಕೆ. ಒಂದು ಸಲವೂ ಹಚ್ಚಲು ಕರೆದಿರಲಿಲ್ಲ ಎಂಬುದು ನಮಗೆ ಅವತ್ತೂ ಹೊಳೆಯಲಿಲ್ಲ.

ಸುದ್ದಿ ತಿಳಿಸಲು ಹೋದ ಪಾಸ್ಟರರನ್ನು ಆಕೆ ಒಂದೇ ಪ್ರಶ್ನೆ ಕೇಳಿದಳಂತೆ: "ಹಚ್ಚೋ ಮುಂದ ಸಾಕ್ಷಿ ಹೇಳಬಹುದಾ ಅಯ್ಯನವರ?"

"ಹೇಳಬಹುದು. ನಿನ್ನ ಅನುಭವದ ಒಂದೆರಡು ಮಾತು."

"ಒಂದೇ ಮಾತ್ರಿ. ಅರ್ಥ ಹೇಳಾಕ ಸ್ವಲ್ಪ ಟೈಂ ಹಿಡೀತದ."

ಭಾನುವಾರ ಬಂತು. ಸ್ಟೀಲಿನ ತಾಟಿನಲ್ಲಿ ಬೇವಿನ ಎಲೆಯ ದುಂಡನೆಯ ಹಾರ, ನಡುವೆ ನಾಲ್ಕು ಮೇಣಬತ್ತಿ. ಈ ಕಾಲಕ್ಕೆ ಹಚ್ಚಬೇಕಾದ ನೇರಳೆ ಬಣ್ಣದವು ರಾಯಚೂರಿನಲ್ಲಿ ಸಿಗದೆ ಬಿಳಿಯವಕ್ಕೇ ನೇರಳೆ ಕಾಗದ ಸುತ್ತಿದ್ದೆವು. ಆ ದಿನದ ಪಾಠವನ್ನು ಓದಿದವರು ಪ್ರಭುರಾಜರೇ. ದೂರ ಇದ್ದವರನ್ನೂ ಹತ್ತಿರ ಇದ್ದವರನ್ನೂ ಕ್ರಿಸ್ತನು ಒಂದು ಮಾಡಿದ, ಅವರ ನಡುವಿನ ಗೋಡೆಯನ್ನು ಕೆಡವಿದ, ಆತನೇ ನಮ್ಮ ಸಮಾಧಾನ ಎಂಬ ಭಾಗ. ಬಹಳ ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಓದಿದರು. ಕೋಟಿನ ಜೇಬಿನಲ್ಲಿ ಗೇಟಿನ ಕೀಲಿಕೈ ಇತ್ತು.

ಸಮಾಧಾನಮ್ಮ ಎದ್ದು ಬಂದಳು. ಇಸ್ತ್ರಿ ಮಾಡಿದ ಬಿಳಿ ಸೀರೆ, ಬಲಗೈ ಮುಷ್ಟಿಯಲ್ಲಿ ಬೆಂಕಿಪೆಟ್ಟಿಗೆ. ಕಳೆದ ವಾರದ ಮೇಣಬತ್ತಿಯನ್ನು ಹಚ್ಚಿದಳು. ಎರಡನೆಯದರ ಹತ್ತಿರ ಬಂದು ನಿಂತಳು. ಮೊಬೈಲುಗಳು ಮೇಲೆದ್ದವು.

"ಎಲ್ಲಾರಿಗೂ ವಂದನಿ. ನಮ್ಮವ್ವ ಯಾಪಲದಿನ್ನಿಯಾಕಿ. ನಾ ತಪ್ಪು ಮಾಡಿ ಗಪ್ಪ ನಿಂತ್ರ ಆಕಿ 'ಸಮಾಧಾನಂ ಚೆಪ್ಪವೇ' ಅಂತಿದ್ಲು. ತೆಲುಗು ಬರೋರಿಗೆ ತಿಳೀತದ. ತೆಲುಗಿನ್ಯಾಗ ಸಮಾಧಾನ ಅಂದ್ರ ಉತ್ತರ. ಕೇಳಿದ್ದಕ್ಕ ಉತ್ತರ ಕೊಡು ಅಂತ."

ಹೆಂಗಸರ ಕಡೆಯಿಂದ ಒಂದಿಬ್ಬರು "ಹೌದು, ಹೌದು" ಎಂದರು.

"ಮೊನ್ನಿ ಸೆಕ್ರೆಟ್ರಿ ಸಾಹೇಬ್ರು ನನಗ ಸಮಾಧಾನ ಮಾಡ್ಕೋ ಅಂದ್ರು. ಅವರ ಸಮಾಧಾನ ಅಂದ್ರ ಬಾಯಿ ಮುಚ್ಚು. ನಮ್ಮವ್ವನ ಸಮಾಧಾನ ಅಂದ್ರ ಬಾಯಿ ತಗಿ. ನಾ ನಮ್ಮವ್ವನ ಮಗಳು. ಅದಕ್ಕ ಬಾಯಿ ತಗದೀನಿ."

ಗುಸುಗುಸು ಎದ್ದಿತು. ಪ್ರಭುರಾಜರು ಎದ್ದು ನಿಂತು ಎರಡೂ ಕೈ ಎತ್ತಿ, "ಸಮಾಧಾನ! ಸಮಾಧಾನ!" ಎಂದರು.

"ಹಾಜರ್ ಸರ್" ಎಂದಳು ಸಮಾಧಾನಮ್ಮ.

ಚರ್ಚಿನೊಳಗೆ ಅಷ್ಟು ದೊಡ್ಡ ನಗು ನಾನು ಕೇಳಿದ್ದು ಅದೇ ಮೊದಲು. ಆಕೆ ಮಾತ್ರ ನಗಲಿಲ್ಲ. ನಗು ಇಳಿಯುವ ತನಕ ಕಾದಳು.

"ನಾಕು ವಾರ ನಾವು ಏನ್ ಹಾಡಾಕತ್ತೀವಿ? ಆತ ಬರಾಕತ್ಯಾನ, ದಾರಿ ಮಾಡ್ರಿ ಅಂತ. ಬರೋ ದಾರಿಗೆ ಏನ್ ಮಾಡೀವಿ? ಕೀಲಿ ಹಾಕೀವಿ. ಅವತ್ತ ಬೆತ್ಲೆಹೇಮಿನ್ಯಾಗ ದಿನ ತುಂಬಿದ ಹೆಣಮಗಳು ಬಾಗಲಾಗ ನಿಂತಿದ್ಲು. ಜಾಗಾ ಇಲ್ಲ ಅಂದು ಬಾಗಲಾ ಹಾಕಿದ್ರು. ಹಾಕಿದೋರ ಮನ್ಯಾಗ ಭಾಳ ಶಾಂತಿ ಇತ್ತು, ಛಲೋ ನಿದ್ದಿ ಬಂದಿರಬೇಕು. ಆದ್ರ ದೇವದೂತರು ಭೂಮಿ ಮ್ಯಾಲ ಸಮಾಧಾನ ಅಂತ ಹೇಳಿದ್ದು ಅವರ ಮನಿ ಮುಂದ ಅಲ್ಲ. ಕುರಿ ಕಾಯೋರಿಗೆ. ಸಮಾಧಾನ ಹುಟ್ಟಿದ್ದು ಗ್ವಾದಲ್ಯಾಗ. ದನ ಒದರತಿದ್ವು, ಕೂಸು ಅಳತಿತ್ತು. ಯಾರೂ ಅಲ್ಲಿ ಶಾಂತಿ ಕಾಪಾಡ್ರಿ ಅಂತ ಹಲಗಿ ಹಾಕಿರ್ಲಿಲ್ಲ."

ಆಕೆ ಪ್ರಭುರಾಜರ ಕಡೆ ತಿರುಗಿದಳು.

"ಕೀಲಿಕೈ ಕೊಡ್ರಿ ಸಾಹೇಬ್ರ. ಗೇಟ್ ತಗದು ಬಂದು ಹಚ್ಚತೀನಿ. ಕೊಡಂಗಿಲ್ಲಂದ್ರ ಈ ಬತ್ತಿ ಹಿಂಗ ಇರ್ಲಿ. ಇದನ್ನ ಹಚ್ಚಿ ಸುಳ್ಳು ಹೇಳಂಗಿಲ್ಲ ನಾ. ಕೋಣಿ ಬೇಕಾದ್ರ ಇವತ್ತ ಬಿಡತೀನಿ."

ಪ್ರಭುರಾಜರ ಕಿವಿ ಕೆಂಪಾಗಿತ್ತು. ಆದರೆ ಮೂವತ್ತು ವರ್ಷ ಕಚೇರಿ ನಡೆಸಿದವರು, ಬದಲಿ ವ್ಯವಸ್ಥೆ ಗೊತ್ತಿಲ್ಲದವರಲ್ಲ. "ಬ್ಯಾರೆಯವರು ಹಚ್ಚಲಿ" ಎಂದು ಸಭೆಯ ಅತಿ ಹಿರಿಯಳಾದ ಭೀಮವ್ವನನ್ನು ಕರೆದರು. "ಯವ್ವಾ, ನೀ ಬಾ."

"ನನಗ ಕಣ್ಣು ಕಾಣಂಗಿಲ್ಲಪ್ಪ" ಎಂದಳು ಭೀಮವ್ವ. ಅರ್ಧ ಗಂಟೆಯ ಹಿಂದೆ ಅದೇ ಭೀಮವ್ವ ಹಿಂದಿನ ಸಾಲಿನಿಂದಲೇ ಪಾಸ್ಟರರ ಅಂಗಿಯ ಗುಂಡಿ ಹೋಗಿದ್ದನ್ನು ಕಂಡುಹಿಡಿದಿದ್ದಳು.

ಪ್ರಭುರಾಜರ ದೃಷ್ಟಿ ಕಮಿಟಿಯ ಕಡೆ, ಅಂದರೆ ನನ್ನ ಕಡೆ, ತಿರುಗಿತು. ನಾನು ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದೆ. ಬೋರ್ಡಿನ ಪ್ರಕಾರ ಬೂಟು ಹೊರಗಿತ್ತು.

ಕೊನೆಗೆ ಅವರೇ ಮುಂದೆ ಬಂದರು. ಜೇಬು ತಡವಿದರು. ಕೀಲಿಕೈ ಸಿಕ್ಕಿತು, ಕಡ್ಡಿಪೆಟ್ಟಿಗೆ ಸಿಗಲಿಲ್ಲ. "ಯಾರ ಹತ್ರ ಕಡ್ಡಿಪೆಟ್ಟಿಗಿ ಅದ?" ಗಂಡಸರೆಲ್ಲ ಜೇಬು ಮುಟ್ಟಿ ನೋಡಿಕೊಂಡು ತಲೆಯಲ್ಲಾಡಿಸಿದರು. ಆರಾಧನೆ ಮುಗಿದ ಮೇಲೆ ಬೇವಿನ ಮರದ ಹಿಂದೆ ಅವರಲ್ಲಿ ಎಷ್ಟು ಜನ ಬೀಡಿ ಹಚ್ಚುತ್ತಾರೆಂದು ಎಲ್ಲರಿಗೂ ಗೊತ್ತು. ಉರಿಯುತ್ತಿದ್ದ ಮೊದಲ ಮೇಣಬತ್ತಿಯಿಂದ ಹಚ್ಚಬಹುದಿತ್ತು. ಅವರು ಆ ಕಡೆ ಕೈ ಚಾಚಿದರು ಕೂಡ. ಅದರ ಮುಂದೆ ಸಮಾಧಾನಮ್ಮ ನಿಂತಿದ್ದಳು. ಸರಿಯಲಿಲ್ಲ.

"ಪಾಸ್ಟರ್, ನೀವಾದ್ರೂ ಹೇಳ್ರಿ" ಎಂದರು ಪ್ರಭುರಾಜರು.

ನಮ್ಮ ಪಾಸ್ಟರರು ಯಾವುದನ್ನೂ ಬೇಗ ಹೇಳುವವರಲ್ಲ. ತೆರೆದಿದ್ದ ಪುಸ್ತಕವನ್ನು ಮುಚ್ಚಿ ಕುರ್ಚಿಯಲ್ಲಿ ಕುಳಿತರು. "ಕಾಯೋಣ ಪ್ರಭುರಾಜ ಅವರ. ಇದು ಕಾಯೋ ಕಾಲನ ಅಲ್ಲೇನು?"

ಕಾದೆವು. ಆರಾಧನೆಯಲ್ಲಿ ಹತ್ತು ನಿಮಿಷ ಯಾರೂ ಏನೂ ಹೇಳದಿದ್ದರೆ ಅದು ಎಷ್ಟು ಉದ್ದವೆಂದು ಕೂತವರಿಗೇ ಗೊತ್ತು. ಬೋರ್ಡು ಬೇಡಿದ ಶಾಂತಿ ಪೂರ್ತಿ ಸಿಕ್ಕಿತ್ತು; ಅದನ್ನು ಸಹಿಸುವುದು ಎಲ್ಲರಿಗಿಂತ ಹೆಚ್ಚಾಗಿ ಪ್ರಭುರಾಜರಿಗೇ ಕಷ್ಟವಾಗಿತ್ತು. ಕಿಟಕಿಯಾಚೆ, ಗೇಟಿನ ಹೊರಗೆ, ಉಮ್ಮೇ ಕುಲ್ಸುಮ್ ಖಾಲಿ ಕೊಡದ ಮೇಲೆ ಕೂತಿದ್ದು ಕಾಣುತ್ತಿತ್ತು. ಸಮಾಧಾನಮ್ಮ ನೋಯುವ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಮುಷ್ಟಿ ಬಿಡಲಿಲ್ಲ.

ಹೆಂಗಸರ ಕಡೆಯಿಂದ ಪ್ರಭುರಾಜರ ಹೆಂಡತಿ ಪ್ರಿಯದರ್ಶಿನಿ ಎದ್ದು ನಿಂತರು. ಇಪ್ಪತ್ತು ವರ್ಷಗಳಲ್ಲಿ ಅವರು ಆರಾಧನೆಯಲ್ಲಿ ಬಾಯಿ ತೆರೆದದ್ದು ಹಾಡಿಗೆ ಮಾತ್ರ.

"ಏನ್ರೀ, ಕೊಟ್ಟುಬಿಡ್ರಿ ಆ ಕೀಲಿಕೈ. ನೀವೇ ಓದಿದ್ರಲ್ಲ ಈಗ, ಗ್ವಾಡಿ ಕೆಡವಿದ ಅಂತ. ಓದೋ ಮುಂದ ಎಲ್ಲಿ ಇತ್ತು ನಿಮ್ಮ ಲಕ್ಷ್ಯ?"

ಪ್ರಭುರಾಜರು ಗಂಟಲು ಸರಿಮಾಡಿಕೊಂಡರು. ಈ ವಿಷಯವನ್ನು ಮರುಪರಿಶೀಲಿಸಬೇಕೆಂದು ಕಮಿಟಿ ಮೊದಲಿನಿಂದಲೂ ಯೋಚಿಸುತ್ತಿತ್ತು, ಸದ್ಯಕ್ಕೆ ತಾತ್ಕಾಲಿಕವಾಗಿ, ಹಬ್ಬದ ಹಿತದೃಷ್ಟಿಯಿಂದ, ಎಂದು ಆರಂಭಿಸಿದರು. ಸಮಾಧಾನಮ್ಮ ಎಡಗೈ ಚಾಚಿದಳು. ವಾಕ್ಯ ಮುಗಿಯುವ ಮೊದಲೇ ಕೀಲಿಕೈ ಅದರೊಳಗೆ ಬಿತ್ತು.

ಆಕೆ ಹೊರಗೆ ನಡೆದಳು. ಕಿಟಕಿಯಿಂದ ಎಲ್ಲರೂ ನೋಡಿದೆವು. ಕೀಲಿ ತೆರೆಯಿತು. ಕುಲ್ಸುಮ್ ಕುಂಟುತ್ತಾ ಒಳಗೆ ಬಂದು ಕೇಳಿದ್ದು ಕೇಳಿಸಿತು:

"ಇಷ್ಟೊತ್ತು ಏನ್ ಮಾಡ್ತಿದ್ದೀ ಯಕ್ಕಾ? ನಮ್ದು ಮೂರ್ ಕಂದೀಲ್ ಹಚ್ಚಾಕ ಇಷ್ಟು ಹೊತ್ತು ಬೇಕಾಗಂಗಿಲ್ಲ. ನಿಮ್ದು ಒಂದು ಮೇಣಬತ್ತಿಗೆ ಇಷ್ಟು ತಕರಾರ?"

"ಕಡ್ಡಿ ಹಸಿ ಇತ್ತು ಬೇ. ಈಗ ಹತ್ತತದ. ಓಣಿ ಹುಡುಗರನ್ನ ಕರದು ಒತ್ತಸು, ನಾ ಬರತೀನಿ."

ಆಕೆ ಒಳಗೆ ಬಂದು ಎರಡನೆಯ ಮೇಣಬತ್ತಿ ಹಚ್ಚಿದಳು. ಪಾಸ್ಟರರು ಪ್ರಾರ್ಥನೆ ಆರಂಭಿಸಿದರು. ಅವರ ಒಂದೊಂದು ವಾಕ್ಯಕ್ಕೂ ಹೊರಗಿನಿಂದ ಬೋರಿಂಗು ಕಿರ್ರ್, ಕಿರ್ರ್ ಎಂದು ಓಗೊಟ್ಟಿತು. ಆಮೆನ್ ಹೇಳುವುದರೊಳಗೆ ಮೂರು ಕೊಡ ತುಂಬಿದ್ದವು. ಪೇಪರಿಗೆ ಫೋಟೋ ತೆಗೆಯಬೇಕಾದವರು ಮರೆತೇಬಿಟ್ಟಿದ್ದರು.

ಎಲ್ಲವೂ ಸುಖವಾಗಿ ಮುಗಿಯಿತೆಂದು ಹೇಳಲಾರೆ. ನೋಟಿಸು ಇನ್ನೂ ಫೈಲಿನಲ್ಲೇ ಇದೆ. ಹೊಸ ವರ್ಷದ ಸಭೆಯಲ್ಲಿ ವಿಷಯ ಬರುತ್ತದಂತೆ. ಕೈ ಎತ್ತಿ ಎಂದಾಗ ನನ್ನ ಚಹಾ ಎಷ್ಟೇ ಆರಿದರೂ ಈ ಸಲ ನೋಡಿ ಎತ್ತಬೇಕೆಂದಿದ್ದೇನೆ. ಸಮಾಧಾನಮ್ಮನನ್ನು ಕೇಳಿದರೆ, "ಬರ್ಲಿ ಬಿಡ್ರಿ, ಅದಕ್ಕೂ ಉತ್ತರ ಅದ" ಎನ್ನುತ್ತಾಳೆ. ಕೀಲಿಕೈ ಆಕೆಯ ಸೆರಗಿನ ಗಂಟಿನಲ್ಲಿದೆ. ಕೇಳುವ ಧೈರ್ಯ ಯಾರೂ ಮಾಡಿಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಪ್ರಭುರಾಜರು ಆವರಣಕ್ಕೆ ಬಂದಾಗ ಗೇಟಿನ ಮೇಲೆ ಬೋರ್ಡು ಇರಲಿಲ್ಲ. ಹುಡುಕಿದರು. ಅದು ಬೋರಿಂಗಿನ ಕೆಳಗೆ, ಕಲ್ಲಿನ ಮೇಲೆ, ಅಕ್ಷರ ಮೇಲೆ ಮಾಡಿ ಮಲಗಿತ್ತು. ಅದರ ಮೇಲೆ ಕುಲ್ಸುಮಳ ಕೊಡ ತುಂಬುತ್ತಿತ್ತು.

"ಸಮಾಧಾನಮ್ಮ! ಇದೇನಿದು? ಕಮಿಟಿ ಬೋರ್ಡು!"

ಆಕೆ ಪಂಪು ಒತ್ತುವುದನ್ನು ನಿಲ್ಲಿಸಲಿಲ್ಲ.

"ಕೊಡಾ ಕಲ್ಲಿಗೆ ಬಡದು ಸಪ್ಪಳ ಆಗ್ತದ ಅಂದಿದ್ರಲ್ರಿ ಸಾಹೇಬ್ರ. ಹಲಗಿ ಹಾಕೀನಿ. ಈಗ ಕೇಳ್ರಿ ಬೇಕಾದ್ರ, ಒಂದೀಟೂ ಸಪ್ಪಳಿಲ್ಲ. ಇವತ್ತ ಖರೇನ ಶಾಂತಿ ಕಾಪಾಡಾಕತ್ತದ ನೋಡ್ರಿ ನಿಮ್ಮ ಬೋರ್ಡು."